ಒಂದು ಪದದ ಬೆನ್ನು ಹತ್ತಿ

ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಊರಿನ ಕೆಲವರು ಸ್ನೇಹಿತರು ಸೇರಿ, ಪ್ರಥಮ ಚಿಕಿತ್ಸೆಯನ್ನು ಕುರಿತ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಹೊರತರಬೇಕೆಂದು ನಿಶ್ಚಯಿಸಿದರು. ಇಂಗ್ಲಿಷಿನಲ್ಲಿದ್ದ ಇಪ್ಪತ್ತು ಪುಟಗಳ ಬರಹವನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಆಗ ನನಗೆ ವಯಸ್ಸು ಚಿಕ್ಕದು, ಧೈರ್ಯ ದೊಡ್ಡದು. ಸುಟ್ಟ ಗಾಯ, ಮೂಳೆ ಮುರಿತ, ಹಾವಿನ ಕಡಿತ ಎಲ್ಲವೂ ಸರಾಗವಾಗಿ ಸಾಗಿದವು. ಗಂಟಲಿನಲ್ಲಿ ತುತ್ತು ಸಿಕ್ಕಿಕೊಂಡು ಉಸಿರು ಕಟ್ಟಿದವನಿಗೆ ಏನು ಮಾಡಬೇಕು ಎಂಬ ಭಾಗಕ್ಕೆ ಬಂದಾಗ ಲೇಖನಿ ನಿಂತುಹೋಯಿತು. ಅಲ್ಲಿ ‘ಥ್ರಸ್ಟ್’ ಎಂಬ ಒಂದು ಪದವಿತ್ತು. ಹೊಟ್ಟೆಗೆ ಐದು ‘ಥ್ರಸ್ಟ್’ಗಳನ್ನು ಕೊಡಬೇಕು ಎಂದು ಮೂಲದಲ್ಲಿ ಬರೆದಿತ್ತು.

ನಿಘಂಟನ್ನು ತೆರೆದೆ. ನೂಕು, ತಳ್ಳು, ದಬ್ಬು, ತುರುಕು, ಚಾಚು, ತಿವಿ, ಇರಿ, ಚುಚ್ಚು ಎಂದು ಅರ್ಥಗಳು ಸಾಲಾಗಿ ನಿಂತಿದ್ದವು. ಹೊಟ್ಟೆಯನ್ನು ನೂಕುವುದೆಂದರೇನು? ಇರಿಯುವುದಂತೂ ಸಾಧ್ಯವಿಲ್ಲ. ಯಾವುದೂ ಹೊಂದದೆ ಕಡೆಗೆ ನನ್ನದೇ ಒಂದು ಮಾತನ್ನು ಹುಡುಕಿ, “ಹೊಟ್ಟೆಯ ಮೇಲೆ ಐದು ಬಾರಿ ಬಲವಾಗಿ ಗುದ್ದಬೇಕು” ಎಂದು ಬರೆದು ಮುಗಿಸಿದೆ.

ಹಸ್ತಪ್ರತಿಯನ್ನು ಪರಿಶೀಲಿಸಲು ಒಪ್ಪಿದ್ದವರು ಊರಿನ ಹಿರಿಯ ವೈದ್ಯರೊಬ್ಬರು. ಎರಡು ದಿನಗಳಾದ ಮೇಲೆ ನನ್ನನ್ನು ಕರೆಸಿದರು. ಆ ಸಾಲಿನ ಕೆಳಗೆ ಕೆಂಪು ಮಸಿಯಲ್ಲಿ ದಪ್ಪನಾದ ಗೆರೆ ಎಳೆದಿದ್ದರು.

“ಏನಪ್ಪಾ, ನಿನ್ನ ಪುಸ್ತಕ ಓದಿದವರು ರೋಗಿಯನ್ನು ಉಳಿಸುತ್ತಾರೋ, ಮುಗಿಸುತ್ತಾರೋ?” ಎಂದರು.

ನಾನು ನಿಘಂಟಿನ ಕಷ್ಟವನ್ನು ಹೇಳಿಕೊಂಡೆ. ಅವರು ನಕ್ಕು, “ನಿಘಂಟು ಪದಗಳನ್ನು ಕೊಡುತ್ತದೆ. ಹೊಟ್ಟೆ ನಿನ್ನ ಮುಂದಿದೆಯಲ್ಲ, ಅದನ್ನು ನೋಡಿ ಬರೆ. ಒಂದು ವಾರ ತೆಗೆದುಕೋ” ಎಂದು ಕಾಗದಗಳನ್ನು ಹಿಂದಕ್ಕೆ ಕೊಟ್ಟರು.

ಆ ಒಂದು ವಾರ ನಾನು ಈ ಒಂದು ಪದದ ಬೆನ್ನು ಹತ್ತಿದೆ. ವಾರ ಮುಗಿದರೂ ಅದು ನನ್ನನ್ನು ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಅದು ಎಲ್ಲೆಲ್ಲಿ ಕಾಣಿಸಿಕೊಂಡಿತೋ ಅಲ್ಲೆಲ್ಲ ನಿಂತು ನೋಡಿದ್ದೇನೆ. ಹಾಗೆ ನೋಡಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪದದ ಹುಟ್ಟನ್ನು ನೋಡೋಣ. ಇಂಗ್ಲಿಷಿನ ಶಾಸ್ತ್ರಪದಗಳಲ್ಲಿ ಬಹುಪಾಲು ಲ್ಯಾಟಿನ್ ಅಥವಾ ಗ್ರೀಕ್ ಭಾಷೆಯಿಂದ ಬಂದವು. ‘ಥ್ರಸ್ಟ್’ ಹಾಗಲ್ಲ. ಅದು ಉತ್ತರದ ಹಿಮಪ್ರದೇಶಗಳಿಂದ ಹಡಗೇರಿ ಬಂದ ಪದ. ಎಂಟನೆಯ ಶತಮಾನದ ಕೊನೆಯಿಂದ ಸ್ಕ್ಯಾಂಡಿನೇವಿಯದ ಸಮುದ್ರವೀರರು ಇಂಗ್ಲೆಂಡಿನ ತೀರಗಳ ಮೇಲೆ ದಾಳಿಯಿಟ್ಟರು. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಕೊಳ್ಳೆ ಹೊಡೆದರು. ಕಾಲಾನಂತರ ಅವರಲ್ಲಿ ಅನೇಕರು ಅಲ್ಲಿಯೇ ನೆಲಸಿ ಬೇಸಾಯಕ್ಕೆ ತೊಡಗಿದರು. ಕೊಳ್ಳೆ ಹೊಡೆಯಲು ಬಂದವರು ಪದಗಳನ್ನು ಕೊಟ್ಟುಹೋದದ್ದು ಇತಿಹಾಸದ ಒಂದು ವಿನೋದ. ಮೊಟ್ಟೆಗೆ ಇರುವ ‘ಎಗ್’, ಆಕಾಶಕ್ಕೆ ಇರುವ ‘ಸ್ಕೈ’, ಕಿಟಕಿಗೆ ಇರುವ ‘ವಿಂಡೋ’ ಇವೆಲ್ಲವೂ ಅವರ ಕಾಣಿಕೆಗಳೇ. ಅವರ ಭಾಷೆಯಲ್ಲಿ ‘ಥ್ರೀಸ್ತ’ ಎಂದರೆ ನೂಕು, ಒತ್ತು, ಬಲವಂತಪಡಿಸು ಎಂದು ಅರ್ಥ. ಅದೇ ಇಂಗ್ಲಿಷಿನ ಬಾಯಿಯಲ್ಲಿ ‘ಥ್ರಸ್ಟ್’ ಆಯಿತು. ವಿಶ್ವಾಸ ಎಂಬ ಅರ್ಥದ ‘ಟ್ರಸ್ಟ್’ ಬೇರೆ; ಬಾಯಾರಿಕೆ ಎಂಬ ಅರ್ಥದ ‘ಥರ್ಸ್ಟ್’ ಬೇರೆ. ಕನ್ನಡ ಲಿಪಿಯಲ್ಲಿ ಬರೆದಾಗ ಈ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆಯಾದ್ದರಿಂದ ಎಚ್ಚರ ಬೇಕು.

ಈ ಪದಕ್ಕೆ ಕನ್ನಡದಲ್ಲಿ ಸಮನಾದ ಮಾತಿಲ್ಲವೆಂದು ನಾನು ಮೊದಲು ತಿಳಿದಿದ್ದೆ. ಆಮೇಲೆ ನೋಡಿದರೆ ಸಂಗತಿ ತಿರುವುಮುರುವಾಗಿತ್ತು. ಕೊರತೆ ಇರಲಿಲ್ಲ, ಸಮೃದ್ಧಿಯಿತ್ತು. ಜಾತ್ರೆಯ ಜನಸಂದಣಿಯಲ್ಲಿ ಆಗುವುದು ನೂಕುನುಗ್ಗಲು. ಅದನ್ನು ತಳ್ಳುನುಗ್ಗಲು ಎಂದು ಯಾರೂ ಹೇಳರು. ತರಕಾರಿ ಮಾರುವವನದು ತಳ್ಳುಗಾಡಿ. ಅದು ನೂಕುಗಾಡಿಯಾಗುವುದು ಅಪರೂಪ. ಕತ್ತು ಹಿಡಿದು ಹೊರಗೆ ಹಾಕುವಾಗ ದಬ್ಬುತ್ತಾರೆ. ಇಂದಿನ ಕೆಲಸವನ್ನು ನಾಳೆಗೆ ದೂಡುತ್ತೇವೆ. ಬಡವನು ಹೇಗೋ ದಿನ ನೂಕುತ್ತಾನೆ. ಚೀಲದೊಳಕ್ಕೆ ಬಟ್ಟೆಯನ್ನು ತುರುಕುತ್ತೇವೆ. ಒಲ್ಲದವನ ಮೇಲೆ ಹೊಣೆಯನ್ನು ಹೇರುತ್ತೇವೆ. ಹೋರಿ ಕೊಂಬಿನಿಂದ ತಿವಿಯುತ್ತದೆ. ತಳ್ಳುವವನಾರು, ತಳ್ಳಿಸಿಕೊಂಡದ್ದು ಯಾವುದು, ಅದರಲ್ಲಿ ಕೋಪವಿದೆಯೋ ಕಷ್ಟವಿದೆಯೋ ಎಂಬುದನ್ನೆಲ್ಲ ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನವನು ಇವುಗಳಲ್ಲಿ ಅನೇಕ ಕಡೆ ‘ಥ್ರಸ್ಟ್’ ಎಂಬ ಒಂದೇ ಪದವನ್ನು ಬಳಸಬಲ್ಲನು. ಅವನ ಪದದಲ್ಲಿ ಇರುವುದು ಮೂರೇ ಅಂಶ: ಬಲ, ದಿಕ್ಕು ಮತ್ತು ಬಹುಮಟ್ಟಿಗೆ ಒಂದು ಹಠಾತ್ ವೇಗ. ಉಳಿದುದನ್ನೆಲ್ಲ ವಾಕ್ಯದ ಇತರ ಪದಗಳು ತುಂಬಿಕೊಡಬೇಕು.

ಈ ಪದದ ಅತ್ಯಂತ ಕ್ರೂರವಾದ ಅರ್ಥ ಕತ್ತಿಗೆ ಸಂಬಂಧಿಸಿದ್ದು. ಕತ್ತಿಯನ್ನು ಬೀಸಿ ಕಡಿಯುವುದು ಒಂದು ಬಗೆ; ಅದರ ಮೊನೆಯನ್ನು ನೇರವಾಗಿ ಮುಂದಕ್ಕೆ ಚಾಚಿ ತಿವಿಯುವುದು ಇನ್ನೊಂದು ಬಗೆ. ಈ ಎರಡನೆಯದು ‘ಥ್ರಸ್ಟ್’. ಪ್ರಾಚೀನ ರೋಮಿನ ಸೈನಿಕರಿಗೆ ಕಡಿಯುವುದನ್ನು ಬಿಟ್ಟು ತಿವಿಯುವುದನ್ನು ಕಲಿಸುತ್ತಿದ್ದರೆಂದು ವೆಜೀಷಿಯಸ್ ಎಂಬ ಯುದ್ಧಶಾಸ್ತ್ರಜ್ಞನು ಬರೆದಿದ್ದಾನೆ. ಬೀಸಿದ ಕತ್ತಿಯನ್ನು ಕವಚವೂ ಎಲುಬೂ ತಡೆಯುತ್ತವೆ. ಮೊನೆ ಎರಡು ಅಂಗುಲ ಒಳಗೆ ಹೋದರೆ ಸಾಕು, ಪ್ರಾಣಕ್ಕೆ ಅಪಾಯ. ಮೇಲಾಗಿ ತಿವಿಯುವವನು ಕೈಯೆತ್ತಬೇಕಾಗಿಲ್ಲವಾದ್ದರಿಂದ ಅವನ ಮೈ ಬಯಲಾಗುವುದಿಲ್ಲ ಎಂಬುದು ಅವನ ವಿವರಣೆ. ವಾದವಿವಾದಗಳ ಬಿರುಸನ್ನು ವರ್ಣಿಸುವಾಗ ಇಂಗ್ಲಿಷರು ಈಗಲೂ ಈ ಕಡಿತ ತಿವಿತಗಳ ಮಾತನ್ನೇ ಆಡುತ್ತಾರೆ. ಒಬ್ಬರ ವಾದದ ಮುಖ್ಯ ಉದ್ದೇಶವನ್ನು ಅದರ ‘ಥ್ರಸ್ಟ್’ ಎನ್ನುವುದುಂಟು. ಕನ್ನಡದಲ್ಲಿ ಅದನ್ನು ತಿರುಳು ಎನ್ನಬಹುದು. ಆದರೆ ತಿರುಳು ಒಳಗೆ ಸುಮ್ಮನೆ ಕುಳಿತಿರುತ್ತದೆ, ‘ಥ್ರಸ್ಟ್’ ಎದುರಾಳಿಯ ಕಡೆಗೆ ಮುಖ ಮಾಡಿರುತ್ತದೆ. ಸರಕಾರಿ ವರದಿಗಳಲ್ಲಿ ಕಾಣುವ ‘ಥ್ರಸ್ಟ್ ಏರಿಯಾ’ ಎಂಬುದೂ ಇದರ ಮೊಮ್ಮಗನೇ. ಅಲ್ಲಿ ಮೊನೆ ಬಹಳ ಮೊಂಡಾಗಿದೆ. ಆ ವಿಷಯಕ್ಕೆ ಹೆಚ್ಚು ಒತ್ತು ಕೊಡಲಾಗುವುದು ಎಂಬುದಷ್ಟೇ ಅದರ ಅರ್ಥ.

ಕತ್ತಿಯ ತಿವಿತ ಕಣ್ಣಿಗೆ ಕಾಣುತ್ತದೆ. ಕಾಣದೆ, ಅಲುಗದೆ, ಶತಮಾನಗಟ್ಟಲೆ ನಡೆಯುವ ‘ಥ್ರಸ್ಟ್’ ಒಂದಿದೆ. ನಿಮ್ಮ ಎರಡು ಪುಸ್ತಕಗಳನ್ನು ನುಣುಪಾದ ಮೇಜಿನ ಮೇಲೆ ಒಂದಕ್ಕೊಂದು ಒರಗಿಸಿ ಗುಡಾರದಂತೆ ನಿಲ್ಲಿಸಿರಿ. ತಲೆಗಳು ಕೂಡಿಕೊಂಡಿರುತ್ತವೆ, ಬುಡಗಳು ಮಾತ್ರ ಹೊರಕ್ಕೆ ಜಾರುತ್ತವೆ. ಮೇಲಿನ ಭಾರವೆಲ್ಲ ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ನೂಕುತ್ತಿರುವುದೇ ಇದಕ್ಕೆ ಕಾರಣ. ಕಮಾನು, ಗುಮ್ಮಟಗಳ ಸ್ಥಿತಿಯೂ ಇದೇ. ಅವು ತಮ್ಮನ್ನು ಹೊತ್ತ ಗೋಡೆಗಳನ್ನು ಹಗಲೂ ಇರುಳೂ ಹೊರಕ್ಕೆ ನೂಕುತ್ತಿರುತ್ತವೆ. ಕಮಾನಿಗೆ ನಿದ್ರೆಯಿಲ್ಲ ಎಂಬ ಗಾದೆಯನ್ನು ಪಾಶ್ಚಾತ್ಯ ವಾಸ್ತುಗ್ರಂಥಗಳು ಭಾರತೀಯರದೆಂದು ಹೇಳುತ್ತವೆ. ಫ್ರಾನ್ಸಿನ ಬೋವೆ ನಗರದ ಜನರು ತಮ್ಮ ಇಗರ್ಜಿಯ ಚಾವಣಿಯನ್ನು ಸುಮಾರು 48 ಮೀಟರ್ ಎತ್ತರಕ್ಕೆ ಏರಿಸಿದರು. ಹೊರಗಿನಿಂದ ಗೋಡೆಗೆ ಒತ್ತುಕೊಡಲು ಕಲ್ಲಿನ ಆಸರೆಗಳನ್ನು ಕಟ್ಟಿದ್ದರೂ 1284ರಲ್ಲಿ ಆ ಚಾವಣಿಯ ಒಂದು ಭಾಗ ಕುಸಿದುಬಿದ್ದಿತು.

ನಮ್ಮ ವಿಜಯಪುರದ ಗೋಲಗುಮ್ಮಟದಲ್ಲಿ ಅಂಥ ಹೊರಗಿನ ಆಸರೆಗಳಿಲ್ಲ. ಸುಲ್ತಾನ್ ಮುಹಮ್ಮದ್ ಆದಿಲ್ ಷಾನ ಸಮಾಧಿಯಾದ ಆ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಅದನ್ನು ನೋಡಲು ಹೋದವರೆಲ್ಲರೂ ಪಿಸುಗುಟ್ಟುವ ಮೊಗಸಾಲೆಗೆ ಓಡುತ್ತಾರೆ, ಕೂಗಿ ಪ್ರತಿಧ್ವನಿಯನ್ನು ಎಣಿಸುತ್ತಾರೆ. ನೀವು ಹೋದಾಗ ಒಂದು ಗಳಿಗೆ ಸುಮ್ಮನಿದ್ದು ತಲೆಯೆತ್ತಿ ನೋಡಿರಿ. ಚೌಕವಾದ ಕೋಣೆಯ ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ನಕ್ಷತ್ರದ ಆಕಾರದಲ್ಲಿ ಹೆಣೆದುಕೊಂಡು, ಒಳಮುಖವಾಗಿ ಬಾಗಿ ಬಂದಿವೆ. ಗುಮ್ಮಟವು ಹೊರಕ್ಕೆ ನೂಕುತ್ತದೆ. ಹೀಗೆ ಒಳಕ್ಕೆ ಚಾಚಿಕೊಂಡಿರುವ ಈ ಕಲ್ಲುರಾಶಿಯ ಭಾರ ಒಳಕ್ಕೆ ಎಳೆಯುತ್ತದೆ. ಈ ನೂಕು ಮತ್ತು ಎಳೆತಗಳು ಒಂದನ್ನೊಂದು ಹಿಡಿದು ನಿಲ್ಲಿಸಿವೆಯೆಂದು ವಾಸ್ತುಶಿಲ್ಪದ ಇತಿಹಾಸವನ್ನು ಬರೆದ ಜೇಮ್ಸ್ ಫರ್ಗುಸನ್ ವಿವರಿಸಿದ್ದಾನೆ. ಅದನ್ನು ಕಟ್ಟಿದ ಗೌಂಡಿಗಳು ‘ಥ್ರಸ್ಟ್’ ಎಂಬ ಪದವನ್ನು ಕೇಳಿದವರಲ್ಲ. ಆದರೆ ಅದರ ಅರ್ಥವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಕಟ್ಟಡವನ್ನು ಬಿಟ್ಟು ಈಗ ಬೆಟ್ಟಕ್ಕೆ ಬರೋಣ. ಭೂವಿಜ್ಞಾನದ ಒಂದು ಲೇಖನವನ್ನು ಓದುತ್ತಿದ್ದಾಗ ಹಿಮಾಲಯದ ‘ಮೈನ್ ಸೆಂಟ್ರಲ್ ಥ್ರಸ್ಟ್’, ‘ಮೈನ್ ಬೌಂಡರಿ ಥ್ರಸ್ಟ್’ ಎಂಬ ಹೆಸರುಗಳನ್ನು ಕಂಡೆ. ಬೆಟ್ಟಕ್ಕೂ ತಿವಿತಕ್ಕೂ ಏನು ಸಂಬಂಧ? ವಿಚಾರಿಸಿದಾಗ ಈ ಅರ್ಥ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಅದೂ ಒಂದು ದೊಡ್ಡ ಜಗಳದಲ್ಲಿ, ಎಂದು ತಿಳಿಯಿತು.

ನೆಲದಲ್ಲಿ ಪದರಪದರವಾಗಿ ಕೂಡಿದ ಶಿಲೆಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬುದು ಸಾಮಾನ್ಯ ನಿಯಮ. ಸ್ಕಾಟ್ಲೆಂಡಿನ ವಾಯವ್ಯ ಬೆಟ್ಟಗಳಲ್ಲಿ ಮಾತ್ರ ಈ ನಿಯಮಕ್ಕೆ ಹೊಂದದ ಶಿಲೆಗಳಿದ್ದವು. ಬ್ರಿಟನ್ನಿನ ಭೂಸಮೀಕ್ಷೆಯ ಮುಖ್ಯಸ್ಥನಾಗಿದ್ದ ಮರ್ಚಿಸನ್, ಮೇಲಿನ ಶಿಲೆ ಹೊಸದೇ ಇರಬೇಕೆಂದು ತೀರ್ಪು ಕೊಟ್ಟನು. ಜೇಮ್ಸ್ ನಿಕಲ್ ಎಂಬ ಪ್ರಾಧ್ಯಾಪಕನು, ಅದು ಹಳೆಯ ಶಿಲೆ, ನೆಲದ ಚಲನೆಯಿಂದ ಅಲ್ಲಿಗೆ ಬಂದಿದೆ ಎಂದು ವಾದಿಸಿದನು. ಅಧಿಕಾರ ಮರ್ಚಿಸನ್ನನ ಕಡೆಗಿತ್ತು. ನಿಕಲ್ 1879ರಲ್ಲಿ ತೀರಿಕೊಂಡಾಗಲೂ ಅವನ ಮಾತಿಗೆ ಮನ್ನಣೆ ಸಿಕ್ಕಿರಲಿಲ್ಲ. ಅನಂತರ ಚಾರ್ಲ್ಸ್ ಲ್ಯಾಪ್‌ವರ್ತ್ ಎಂಬಾತನು ಆ ಬೆಟ್ಟಗಳನ್ನು ಅಡಿ ಅಡಿಯಾಗಿ ಅಳೆದು, ಹಳೆಯ ಶಿಲೆಯ ದೊಡ್ಡ ಹಾಸುಗಳು ಪಕ್ಕದಿಂದ ನೂಕಲ್ಪಟ್ಟು ಹೊಸ ಶಿಲೆಯ ಮೇಲೆ ಏರಿ ಕುಳಿತಿವೆಯೆಂದು ಕಂಡುಕೊಂಡನು. ಆ ಕೆಲಸದ ಶ್ರಮದಲ್ಲಿ ಅವನ ಆರೋಗ್ಯವೇ ಕೆಟ್ಟಿತು. ಇರುಳು ಮಲಗಿದಾಗ ಆ ಮಹಾಶಿಲೆಗಳು ತನ್ನ ಮೈಮೇಲೆಯೇ ಹರಿದುಹೋಗುತ್ತಿರುವಂತೆ ಅವನಿಗೆ ಭಾಸವಾಗುತ್ತಿತ್ತೆಂದು ಹೇಳುತ್ತಾರೆ. ಮರ್ಚಿಸನ್ನನ ಶಿಷ್ಯನೂ ಸಮೀಕ್ಷೆಯ ಮುಂದಿನ ಮುಖ್ಯಸ್ಥರಲ್ಲಿ ಒಬ್ಬನೂ ಆದ ಆರ್ಚಿಬಾಲ್ಡ್ ಗೀಕಿ ಕಡೆಗೆ ತನ್ನ ಪಕ್ಷದ ತಪ್ಪನ್ನು ಒಪ್ಪಿಕೊಂಡನು. ಹೀಗೆ ಒಪ್ಪಿಕೊಂಡ 1884ರ ಲೇಖನದಲ್ಲಿಯೇ ಅವನು ಶಿಲೆಗಳು ಜಾರಿದ ಆ ಮೈಗೆ ‘ಥ್ರಸ್ಟ್’ ಎಂಬ ಹೆಸರನ್ನು ಅಂಟಿಸಿದನು. ತಪ್ಪೊಪ್ಪಿಗೆಯ ಪತ್ರದಲ್ಲಿ ಒಂದು ಹೊಸ ಶಾಸ್ತ್ರಪದ ಹುಟ್ಟುವುದು ವಿರಳ.

ಹಿಮಾಲಯದಲ್ಲಿ ಈ ನೂಕು ಮುಗಿದ ಕಥೆಯಲ್ಲ. ಭಾರತದ ಭೂಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ಉತ್ತರಕ್ಕೆ ಸರಿಯುತ್ತ ಏಷ್ಯವನ್ನು ಒತ್ತುತ್ತಿದೆ. ಅದರಲ್ಲಿ ಸುಮಾರು ಎರಡು ಸೆಂಟಿಮೀಟರ್‌ಗಳಷ್ಟನ್ನು ಹಿಮಾಲಯವೇ ತಡೆದುಕೊಳ್ಳುತ್ತದೆ. ಬೆಟ್ಟಗಳ ಬುಡದಲ್ಲಿ, ಆಳದಲ್ಲಿ, ಒಂದು ಓರೆಯಾದ ಮೈಯ ಮೇಲೆ ಶಿಲೆಗಳು ಕಚ್ಚಿಕೊಂಡು ನಿಂತಿರುತ್ತವೆ. ಒತ್ತಡ ದಶಕಗಟ್ಟಲೆ, ಶತಮಾನಗಟ್ಟಲೆ ಕೂಡುತ್ತ ಹೋಗುತ್ತದೆ; ಒಂದು ದಿನ ಹಿಡಿತ ಕಳಚುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದದ್ದು ಇದೇ. 7.8ರ ಪ್ರಮಾಣದ ಆ ಭೂಕಂಪದಲ್ಲಿ ಕಠ್ಮಂಡು ಕಣಿವೆಯ ನೆಲವು ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿದು, ಸುಮಾರು ಒಂದು ಮೀಟರ್ ಮೇಲಕ್ಕೆ ಎದ್ದಿತು. ಸುಮಾರು 9,000 ಜನರು ಪ್ರಾಣ ಕಳೆದುಕೊಂಡರು. ಸಾವಿರಾರು ಶಾಲಾ ಕೊಠಡಿಗಳು ನೆಲಸಮವಾದವು. ಅಂದು ಶನಿವಾರ, ನೇಪಾಳದಲ್ಲಿ ಅದು ವಾರದ ರಜೆಯ ದಿನ. ನಿಮ್ಮ ವಯಸ್ಸಿನ ಎಷ್ಟೋ ಮಕ್ಕಳು ಆ ನಡುಹಗಲಿನಲ್ಲಿ ತರಗತಿಯೊಳಗೆ ಇರಲಿಲ್ಲ.

ಇಂಥ ‘ಥ್ರಸ್ಟ್’ಗೆ ನಾನು ‘ಮೇಲ್ನೂಕು’ ಎಂಬ ಪದವನ್ನು ಬಳಸಿ ನೋಡಿದ್ದೇನೆ. ಅದು ನನ್ನ ಸೂಚನೆ ಮಾತ್ರ. ಭೂವಿಜ್ಞಾನಿಗಳು ಒಪ್ಪಬೇಕೆಂದು ಹಠವಿಲ್ಲ.

ಇನ್ನು ನಿಮ್ಮ ವಿಜ್ಞಾನದ ಪುಸ್ತಕಕ್ಕೆ ತೀರ ಹತ್ತಿರವಾದ ಅರ್ಥ. ರಾಕೆಟ್ಟನ್ನೂ ಜೆಟ್ ವಿಮಾನವನ್ನೂ ಮುಂದಕ್ಕೆ ಒಯ್ಯುವ ಬಲಕ್ಕೂ ‘ಥ್ರಸ್ಟ್’ ಎಂದೇ ಹೆಸರು. ಕನ್ನಡದ ವಿಜ್ಞಾನ ಲೇಖಕರು ಇದನ್ನು ನೂಕುಬಲ ಎನ್ನುತ್ತಾರೆ. ಗಾಳಿ ತುಂಬಿದ ಬಲೂನಿನ ಬಾಯಿಯನ್ನು ಕಟ್ಟದೆ ಬಿಟ್ಟರೆ ಅದು ಕೋಣೆಯ ತುಂಬ ಹಾರಾಡುತ್ತದೆ. ಗಾಳಿ ಹಿಂದಕ್ಕೆ ನುಗ್ಗಿದಂತೆ ಬಲೂನು ಮುಂದಕ್ಕೆ ನುಗ್ಗುತ್ತದೆ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ ಎಂಬ ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಓದುವಿರಷ್ಟೆ. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೈನ್ಯವು ಈ ಬಲವನ್ನು ಯುದ್ಧಕ್ಕೆ ಬಳಸಿತು. ಅವರ ರಾಕೆಟ್ಟುಗಳಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದರು. ಕಾಗದದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳುತ್ತದೆ. ಆದ್ದರಿಂದ ನೂಕೂ ಹೆಚ್ಚು, ದೂರವೂ ಹೆಚ್ಚು. ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಳೆಯ ಬಾವಿಯಿಂದ 2018ರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ಅಗೆದು ತೆಗೆದರು.

ಆದರೆ ನೂಕು ಎಂಬ ಪದದಲ್ಲಿ ಒಂದು ಮೋಸವಿದೆ. ದೋಣಿಯವನು ಗಳುವಿನಿಂದ ನದಿಯ ತಳವನ್ನು ನೂಕಿ ಮುಂದೆ ಹೋಗುತ್ತಾನೆ. ನಾವು ನೆಲವನ್ನು ಕಾಲಿನಿಂದ ಹಿಂದಕ್ಕೆ ಒತ್ತಿ ನಡೆಯುತ್ತೇವೆ. ಹಾಗಾದರೆ ರಾಕೆಟ್ಟು ಯಾವುದನ್ನು ನೂಕುತ್ತದೆ? ಹಿಂದಿರುವ ಗಾಳಿಯನ್ನು ಎಂದು ಯಾರಾದರೂ ಉತ್ತರ ಕೊಟ್ಟಾರು. ಗಾಳಿಯೇ ಇಲ್ಲದ ಆಕಾಶದಲ್ಲಿ?

ಈ ತಪ್ಪನ್ನು ಮಾಡಿದವರು ಸಾಮಾನ್ಯರಲ್ಲ. ಅಮೆರಿಕದ ರಾಬರ್ಟ್ ಗಾಡರ್ಡ್ ಎಂಬ ಭೌತವಿಜ್ಞಾನಿ, ಅತಿ ಎತ್ತರವನ್ನು ಮುಟ್ಟುವ ಉಪಾಯವನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ರಾಕೆಟ್ಟು ಚಂದ್ರನನ್ನೂ ಮುಟ್ಟಬಹುದೆಂಬ ಸೂಚನೆ ಅದರಲ್ಲಿತ್ತು. 1920ರ ಜನವರಿ 13ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಸಂಪಾದಕೀಯ ಪುಟದಲ್ಲಿ ಅವನನ್ನು ಹಾಸ್ಯಮಾಡಿತು. ಶೂನ್ಯದಲ್ಲಿ ಒದೆಯಲು ಏನೂ ಇಲ್ಲದಿರುವಾಗ ರಾಕೆಟ್ಟು ಹೇಗೆ ಹೋದೀತು, ಪ್ರೌಢಶಾಲೆಗಳಲ್ಲಿ ದಿನವೂ ಬಡಿಸುವ ಜ್ಞಾನವೂ ಈ ಪ್ರಾಧ್ಯಾಪಕನಿಗೆ ಇಲ್ಲವೆಂದು ತೋರುತ್ತದೆ ಎಂಬ ಅರ್ಥದಲ್ಲಿ ಅದು ಬರೆಯಿತು. ನಿಜವಾಗಿ ಪ್ರೌಢಶಾಲೆಯ ಪಾಠವನ್ನು ಮರೆತಿದ್ದುದು ಪತ್ರಿಕೆಯೇ. ರಾಕೆಟ್ಟು ನೂಕುವುದು ಹೊರಗಿನ ಗಾಳಿಯನ್ನಲ್ಲ. ತನ್ನೊಳಗೆ ಉರಿದ ಅನಿಲವನ್ನೇ ಅದು ಹಿಂದಕ್ಕೆ ನೂಕುತ್ತದೆ, ಆ ಅನಿಲ ಅದನ್ನು ಮುಂದಕ್ಕೆ ನೂಕುತ್ತದೆ. ಹೊರಗೆ ಗಾಳಿ ಇರುವುದು ಅದಕ್ಕೆ ಸಹಾಯವಲ್ಲ, ಅಡ್ಡಿ. ಗಾಡರ್ಡ್ ಇದನ್ನು ಊಹಿಸಿ ಹೇಳಿರಲಿಲ್ಲ. ಗಾಳಿಯನ್ನು ಹೊರತೆಗೆದ ಕೊಳಾಯಿಯಲ್ಲಿ ರಾಕೆಟ್ಟನ್ನು ಹೊತ್ತಿಸಿ, ಅಲ್ಲಿ ನೂಕುಬಲವು ಗಾಳಿಯಲ್ಲಿ ಸಿಗುವುದಕ್ಕಿಂತ ಹೆಚ್ಚೇ ಎಂದು ಅಳೆದು ನೋಡಿದ್ದನು.

ಆ ಹಾಸ್ಯ ಅವನನ್ನು ನೋಯಿಸಿತು. ಮೊದಲೇ ಮಿತಭಾಷಿಯಾಗಿದ್ದವನು ತನ್ನ ಕೆಲಸವನ್ನು ಕುರಿತು ಇನ್ನಷ್ಟು ಮೌನಿಯಾದನು. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸ್ ರಾಜ್ಯದ ಆಬರ್ನ್ ಎಂಬಲ್ಲಿ, ಹಿಮ ಹರಡಿದ್ದ ಒಂದು ಹೊಲದಲ್ಲಿ, ದ್ರವ ಇಂಧನದಿಂದ ಹಾರುವ ಜಗತ್ತಿನ ಮೊದಲ ರಾಕೆಟ್ಟನ್ನು ಹಾರಿಸಿದನು. ಅದು ಮೇಲೇರಿದ್ದು 41 ಅಡಿ; ಹಾರಾಟ ನಡೆದದ್ದು ಎರಡೂವರೆ ಸೆಕೆಂಡು. ನಮ್ಮ ತೆಂಗಿನ ಮರದ ತುದಿಯನ್ನೂ ಅದು ಮುಟ್ಟುತ್ತಿರಲಿಲ್ಲ. ಗಾಡರ್ಡ್ 1945ರಲ್ಲಿ ಕಣ್ಮುಚ್ಚಿದನು. 1969ರ ಜುಲೈ 16ರಂದು ಸ್ಯಾಟರ್ನ್ ರಾಕೆಟ್ಟು ಮೂವರನ್ನು ಹೊತ್ತು ಚಂದ್ರನತ್ತ ಹೊರಟಿತು. ಅದರ ತೂಕ ಸುಮಾರು 2,900 ಟನ್. ಅದರ ಮೊದಲ ಹಂತದ ನೂಕುಬಲ ಸುಮಾರು 3,400 ಟನ್. ಆ ಐನೂರು ಟನ್ನಿನ ಹೆಚ್ಚಳವೇ ಅದನ್ನು ನೆಲದಿಂದ ಎತ್ತಿತು. ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ತನ್ನ 49 ವರ್ಷಗಳ ಹಿಂದಿನ ಬರಹಕ್ಕೆ ಒಂದು ತಿದ್ದುಪಡಿಯನ್ನು ಅಚ್ಚುಮಾಡಿ ವಿಷಾದ ಸೂಚಿಸಿತು. ಓದಬೇಕಾದವನು ಇರಲಿಲ್ಲ.

ಈ ಪದದ ಇನ್ನೂ ಕೆಲವು ವೇಷಗಳಿವೆ. ನೀರಿನಲ್ಲಿ ಮುಳುಗಿದ ವಸ್ತುವನ್ನು ಮೇಲಕ್ಕೆತ್ತುವ ಬಲದ ಹೆಸರಿನಲ್ಲಿಯೂ ‘ಥ್ರಸ್ಟ್’ ಇದೆ. ತಿರುಗುವ ದಂಡದ ಉದ್ದಕ್ಕೆ ಬೀಳುವ ಒತ್ತಡವನ್ನು ತಾಳಿಕೊಳ್ಳಲು ಯಂತ್ರಗಳಲ್ಲಿ ‘ಥ್ರಸ್ಟ್ ಬೇರಿಂಗ್’ ಇರುತ್ತದೆ. ನಿಮ್ಮ ಸೈಕಲ್ಲಿನ ಹ್ಯಾಂಡಲ್ಲಿನ ಬುಡದಲ್ಲಿರುವ ಗುಂಡುಗಳು ಮಾಡುವುದೂ ಬಹುಮಟ್ಟಿಗೆ ಆ ಕೆಲಸವನ್ನೇ. ಪ್ರೇಕ್ಷಕರ ನಡುವೆ ಚಾಚಿಕೊಂಡು, ಮೂರು ಕಡೆಗಳಿಂದಲೂ ನೋಡಬಹುದಾದ ರಂಗವನ್ನು ‘ಥ್ರಸ್ಟ್ ಸ್ಟೇಜ್’ ಎನ್ನುತ್ತಾರೆ. ಷೇಕ್ಸ್‌ಪಿಯರನ ಕಾಲದ ಗ್ಲೋಬ್ ನಾಟಕಶಾಲೆಯಲ್ಲಿದ್ದದ್ದು ಅಂಥ ರಂಗ. ಬಯಲಿನಲ್ಲಿ ಯಕ್ಷಗಾನದ ರಂಗಸ್ಥಳದ ಮೂರು ಪಕ್ಕಗಳಲ್ಲಿಯೂ ಕುಳಿತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮತ್ತೆ ನನ್ನ ಕೆಂಪುಗೆರೆಯ ಹಾಳೆಗೆ ಬರುತ್ತೇನೆ. ವಾರ ಕಳೆದು ವೈದ್ಯರಲ್ಲಿಗೆ ಹೋದಾಗ ನನ್ನ ಬಳಿ ಪದಗಳ ದೊಡ್ಡ ಪಟ್ಟಿಯಿತ್ತು, ವಾಕ್ಯ ಮಾತ್ರ ಇರಲಿಲ್ಲ. ಅದನ್ನು ಹೇಳಿದೆ.

ಅವರು, “ಮಲೆನಾಡಿನ ಹುಡುಗರು ಬಿದಿರಿನ ಪೆಟ್ಲು ಹೊಡೆಯುವುದನ್ನು ನೋಡಿದ್ದೀಯಾ?” ಎಂದು ಕೇಳಿದರು. ನೋಡಿದ್ದೆ. ಬಿದಿರಿನ ಕೊಳವೆಯ ಒಂದು ತುದಿಗೆ ಕಾಯೊಂದನ್ನು ಗಿಡಿದು, ಇನ್ನೊಂದು ಕಾಯನ್ನು ಹಿಂದಿನಿಂದ ಕಡ್ಡಿಯಲ್ಲಿ ಒಮ್ಮೆಲೇ ಒತ್ತಿದರೆ, ನಡುವಿನ ಗಾಳಿ ಇಕ್ಕಟ್ಟಾಗಿ ಮುಂದಿನ ಕಾಯಿ ಸದ್ದು ಮಾಡುತ್ತ ಹಾರಿಹೋಗುತ್ತದೆ.

“ಗಂಟಲಲ್ಲಿ ಸಿಕ್ಕಿದ ತುತ್ತೇ ಮುಂದಿನ ಕಾಯಿ” ಎಂದರು ವೈದ್ಯರು. “ಶ್ವಾಸಕೋಶದಲ್ಲಿ ಉಳಿದಿರುವುದೇ ನಡುವಿನ ಗಾಳಿ. ಹೆನ್ರಿ ಹೈಮ್‌ಲಿಕ್ ಎಂಬ ಅಮೆರಿಕದ ಶಸ್ತ್ರವೈದ್ಯನು 1974ರಲ್ಲಿ ಈ ವಿಧಾನವನ್ನು ಪ್ರಕಟಿಸಿದ. ಹೊಟ್ಟೆಯನ್ನು ಗುದ್ದಿದರೆ ಒಳಗಿನ ಅಂಗಗಳಿಗೆ ಪೆಟ್ಟು. ವಪೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ಎದ್ದು ನಿಲ್ಲು, ತೋರಿಸುತ್ತೇನೆ. ನಿನ್ನ ಮೇಲೆ ಬಲ ಹಾಕುವುದಿಲ್ಲ, ಹೆದರಬೇಡ.”

ಅವರು ನನ್ನ ಬೆನ್ನ ಹಿಂದೆ ನಿಂತು, ಎರಡು ತೋಳುಗಳನ್ನೂ ನನ್ನ ಸೊಂಟದ ಸುತ್ತ ತಂದು, ಒಂದು ಕೈಯ ಮುಷ್ಟಿಯನ್ನು ಹೊಕ್ಕುಳಿಗೂ ಎದೆಯೆಲುಬಿಗೂ ನಡುವೆ ಇಟ್ಟು, ಇನ್ನೊಂದು ಕೈಯಿಂದ ಆ ಮುಷ್ಟಿಯನ್ನು ಹಿಡಿದುಕೊಂಡರು. ಆಗ ನನಗೆ ಹೊಳೆಯಿತು. ನಿಘಂಟಿನಲ್ಲಿದ್ದ ಪದಗಳೆಲ್ಲ ಎದುರಿಗೆ ನಿಂತು ನೂಕುವವನ ಪದಗಳು. ಇಲ್ಲಿ ನೂಕುವವನು ಹಿಂದೆ ನಿಂತಿದ್ದಾನೆ. ಅವನ ಕೈಗೆ ಅದು ಎಳೆತ, ರೋಗಿಯ ಹೊಟ್ಟೆಗೆ ಅದು ಒತ್ತು, ಗಂಟಲಿನ ತುತ್ತಿಗೆ ಅದು ನೂಕು. ಒಂದೇ ಕ್ಷಣದಲ್ಲಿ ಮೂರು ಕ್ರಿಯಾಪದಗಳು.

ಅಲ್ಲಿಯೇ ಕುಳಿತು ಬರೆದೆ. ಈಗಿನ ವೈದ್ಯಕೀಯ ಸಲಹೆಗೆ ಹೊಂದುವಂತೆ ಮುಂದೆ ತಿದ್ದಿದ ಮೇಲೆ ಆ ಭಾಗ ಹೀಗಿದೆ:

“ಉಸಿರು ಕಟ್ಟಿದವನು ಕೆಮ್ಮಬಲ್ಲವನಾದರೆ ಕೆಮ್ಮಲು ಹೇಳಿರಿ. ಕೆಮ್ಮಲಾರದೆ, ಮಾತನಾಡಲಾರದೆ ಹೋದರೆ ಅವನನ್ನು ಮುಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಐದು ಬಾರಿ ಬಲವಾಗಿ ತಟ್ಟಿರಿ. ಅದರಿಂದ ಆಗದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯನ್ನಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ನಿಮ್ಮ ಕಡೆಗೆ ಎಳೆದುಕೊಳ್ಳುತ್ತ, ಒಳಕ್ಕೂ ಮೇಲಕ್ಕೂ ಒಮ್ಮೆಲೇ ಒತ್ತಿರಿ. ಹೀಗೆ ಐದು ಬಾರಿ. ತುತ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಿ. ಇನ್ನೊಬ್ಬರನ್ನು ವೈದ್ಯಕೀಯ ಸಹಾಯಕ್ಕೆ ಕಳುಹಿಸಿರಿ. ಒಂದು ವರ್ಷದೊಳಗಿನ ಕೂಸಿಗೂ ಗರ್ಭಿಣಿಯರಿಗೂ ಹೊಟ್ಟೆಯನ್ನು ಒತ್ತಲೇಬಾರದು. ಒತ್ತಿಸಿಕೊಂಡವರನ್ನು, ಗುಣವಾದಂತೆ ಕಂಡರೂ, ವೈದ್ಯರಿಗೆ ತೋರಿಸಿರಿ.”

ಇಂಗ್ಲಿಷಿನಲ್ಲಿ ಎರಡು ಪದಗಳಿದ್ದಲ್ಲಿ ಕನ್ನಡದಲ್ಲಿ ಇಷ್ಟು ಸಾಲುಗಳಾದವು. ಪುಟ ಹೆಚ್ಚಾಗುತ್ತದೆ, ಎಲ್ಲಿಯಾದರೂ ಕಡಿಮೆ ಮಾಡಿರಿ ಎಂದು ಮುದ್ರಣಾಲಯದವರು ಹೇಳಿ ಕಳುಹಿಸಿದರು. ವೈದ್ಯರು ಕೈಪಿಡಿಗೆ ಒಂದು ಮುನ್ನುಡಿ ಬರೆದುಕೊಟ್ಟಿದ್ದರು. ಕೆಂಪು ಮಸಿಯ ಲೇಖನಿಯನ್ನು ತೆಗೆದು, ತಮ್ಮ ಮುನ್ನುಡಿಯ ಮೇಲೆ ಉದ್ದಕ್ಕೂ ಗೆರೆ ಎಳೆದು, ಆ ಹಾಳೆಯನ್ನು ನನ್ನ ಕೈಗೆ ಕೊಟ್ಟರು.